ಮನೆಯ ಇಂಟರ್ನೆಟ್ಟಿನಲ್ಲಿ ಕಳೆದುಹೋಗುವ ಪ್ಯಾಕೆಟ್ಟುಗಳು

ಇಂಟರ್ನೆಟ್ಟಿನಲ್ಲಿ ಮಾತಾಗಲಿ ಚಿತ್ರವಾಗಲಿ ಇಡಿಯಾಗಿ ಸಾಗುವುದಿಲ್ಲ. ಕಳಿಸುವ ಕಡೆ ಅದನ್ನು ತುಂಡು ಮಾಡಿ, ಪ್ರತಿ ತುಂಡಿನ ಮೇಲೂ ವಿಳಾಸ ಬರೆದು, ಒಂದರ ಹಿಂದೊಂದರಂತೆ ಬಿಡಲಾಗುತ್ತದೆ. ಆ ತುಂಡಿಗೆ ಪ್ಯಾಕೆಟ್ ಎಂದು ಹೆಸರು. ಬ್ರಿಟನ್ನಿನ ನ್ಯಾಷನಲ್ ಫಿಸಿಕಲ್ ಲ್ಯಾಬೊರೇಟರಿಯ ಡೊನಾಲ್ಡ್ ಡೇವಿಸ್ 1960ರ ದಶಕದ ನಡುಭಾಗದಲ್ಲಿ ಈ ಪದವನ್ನು ಬಳಕೆಗೆ ತಂದರು. ಮನೆಗೆ ಬರುವ ಸಂಪರ್ಕದಲ್ಲಿ ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರ ಸಾಮಾನ್ಯವಾಗಿ 1500 ಬೈಟು. ಕನ್ನಡದ ಒಂದೊಂದು ಅಕ್ಷರಚಿಹ್ನೆ 3 ಬೈಟು ಹಿಡಿಯುವುದರಿಂದ, ಒಂದು ಪ್ಯಾಕೆಟ್ಟಿಗೆ ಪೂರ್ತಿ 500 ಚಿಹ್ನೆಗಳೂ ಹಿಡಿಸುವುದಿಲ್ಲ. 2 ಮೆಗಾಬೈಟಿನ ಒಂದು ಫೋಟೊ ಸುಮಾರು 1400 ಪ್ಯಾಕೆಟ್ಟುಗಳಾಗಿ ಹೊರಡುತ್ತದೆ. ಹೊರಟವುಗಳಲ್ಲಿ ಕೆಲವು ತಲುಪದೆ ಹೋಗುವುದೇ ಪ್ಯಾಕೆಟ್ ಲಾಸ್.

ಪ್ಯಾಕೆಟ್ ಕಳೆಯುವುದಕ್ಕೆ ಮೂರು ಬಗೆಯ ಕಾರಣಗಳಿವೆ. ಮೊದಲನೆಯದು ದಟ್ಟಣೆ. ದಾರಿಯ ಒಂದು ಕಡೆ ಬರುವ ಪ್ಯಾಕೆಟ್ಟುಗಳು ಮುಂದೆ ಹೋಗುವವುಗಳಿಗಿಂತ ಹೆಚ್ಚಾದಾಗ ಅಲ್ಲಿನ ಯಂತ್ರ ಅವನ್ನು ಸರದಿಯಲ್ಲಿ ನಿಲ್ಲಿಸುತ್ತದೆ. ಸರದಿಯ ಜಾಗ ತುಂಬಿದರೆ ಆಮೇಲೆ ಬಂದದ್ದನ್ನು ಬಿಸಾಡುತ್ತದೆ. ಎರಡನೆಯದು ಕೆಡುವಿಕೆ. ತಂತಿಯಲ್ಲೋ ಗಾಳಿಯಲ್ಲೋ ಸಂಕೇತ ಕಲಸಿಹೋದರೆ, ಪ್ಯಾಕೆಟ್ಟಿನ ಜೊತೆಯಲ್ಲೇ ಬಂದ ಲೆಕ್ಕ ತಾಳೆಯಾಗದೆ ಅದು ತಿರಸ್ಕೃತವಾಗುತ್ತದೆ. ಮೂರನೆಯದು ಕಡಿತ. ಸಂಪರ್ಕವೇ ಕೆಲವು ಕ್ಷಣ ಕಡಿದುಹೋಗಿ ಮತ್ತೆ ಕೂಡಿಕೊಳ್ಳುತ್ತದೆ. ಆ ನಡುವೆ ಹೊರಟದ್ದೆಲ್ಲ ವ್ಯರ್ಥ. ಇಂಟರ್ನೆಟ್ ಪ್ರೋಟೋಕಾಲ್ ಎಂಬ ಮೂಲ ನಿಯಮ ಈ ಮೂರನ್ನೂ ತಡೆಯುವ ಭರವಸೆ ಕೊಡುವುದಿಲ್ಲ. ಅದು ಸಾಮಾನ್ಯ ಅಂಚೆಯ ಹಾಗೆ: ಹಾಕಿದ ಕಾಗದ ತಲುಪಿತೋ ಇಲ್ಲವೋ ಹೇಳುವವರಿಲ್ಲ. ತಲುಪಿದ್ದಕ್ಕೆ ರಸೀದಿ ಕೇಳುವ, ಬಾರದಿದ್ದರೆ ಮತ್ತೆ ಕಳಿಸುವ ಕೆಲಸ ಟಿಸಿಪಿ ಎಂಬ ಮೇಲಿನ ನಿಯಮದ್ದು.

ಒಂದೇ ಮನೆಯಲ್ಲಿ ಸಿನಿಮಾ ಸರಾಗವಾಗಿ ಓಡಿ, ಫೋನಿನ ಮಾತು ಮಾತ್ರ ತುಂಡಾಗುವುದಕ್ಕೆ ಈ ವ್ಯತ್ಯಾಸವೇ ಕಾರಣ. ಸಿನಿಮಾ ಟಿಸಿಪಿಯಂಥ ವ್ಯವಸ್ಥೆಯ ಮೇಲೆ ಬರುತ್ತದೆ; ಮುಂದಿನ ಕೆಲವು ಸೆಕೆಂಡುಗಳ ಭಾಗ ಮೊದಲೇ ಬಂದು ಕೂತಿರುತ್ತದೆ. ಕಳೆದ ಪ್ಯಾಕೆಟ್ಟನ್ನು ಮತ್ತೆ ತರಿಸಿಕೊಳ್ಳಲು ಅಷ್ಟು ಬಿಡುವು ಸಾಕು. ನೇರ ಸಂಭಾಷಣೆಯಲ್ಲಿ ಆ ಬಿಡುವಿಲ್ಲ. ಧ್ವನಿಯನ್ನು ಸಾಮಾನ್ಯವಾಗಿ 20 ಮಿಲಿಸೆಕೆಂಡಿನ ಚೂರುಗಳಾಗಿ, ಸೆಕೆಂಡಿಗೆ 50 ಪ್ಯಾಕೆಟ್ಟುಗಳಂತೆ ಕಳಿಸಲಾಗುತ್ತದೆ. ತಡವಾಗಿ ಬಂದ ಚೂರು ಬಾರದ ಚೂರಿಗೆ ಸಮ. ಒಂದು ಚೂರು ಹೋದರೆ ಕಿವಿಗೆ ತಿಳಿಯುವುದಿಲ್ಲ. ಸಾಲಾಗಿ ಹತ್ತು ಹೋದರೆ ಒಂದು ಅಕ್ಷರವೇ ನುಂಗಿಹೋಗುತ್ತದೆ. ಆದ್ದರಿಂದ ಒಟ್ಟು ಎಷ್ಟು ಕಳೆಯಿತು ಎನ್ನುವಷ್ಟೇ ಮುಖ್ಯ, ಬಿಡಿಬಿಡಿಯಾಗಿ ಕಳೆಯಿತೋ ಗುಂಪಾಗಿ ಕಳೆಯಿತೋ ಎನ್ನುವುದು.

ಟಿಸಿಪಿಯ ರಕ್ಷಣೆಗೂ ಬೆಲೆಯಿದೆ. ಪ್ಯಾಕೆಟ್ ಕಳೆದರೆ ದಾರಿಯಲ್ಲಿ ದಟ್ಟಣೆ ಇದೆಯೆಂದು ಬಗೆದು ಅದು ವೇಗ ತಗ್ಗಿಸುತ್ತದೆ. ಇದರ ಹಿಂದೆ ಒಂದು ಇತಿಹಾಸವಿದೆ. 1986ರ ಅಕ್ಟೋಬರಿನಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಪಕ್ಕದ ಬರ್ಕ್ಲಿ ವಿಶ್ವವಿದ್ಯಾಲಯಕ್ಕೂ ನಡುವಿನ ಸಂಪರ್ಕದ ವೇಗ ಸೆಕೆಂಡಿಗೆ 32,000 ಬಿಟ್ಟುಗಳಿಂದ 40 ಬಿಟ್ಟುಗಳಿಗೆ ಕುಸಿಯಿತು. ಕಳೆದದ್ದನ್ನು ಎಲ್ಲರೂ ಮತ್ತೆ ಮತ್ತೆ ಕಳಿಸುತ್ತಿದ್ದುದೇ ದಾರಿಯನ್ನು ಇನ್ನಷ್ಟು ಕಟ್ಟಿಹಾಕಿತ್ತು. ವ್ಯಾನ್ ಜೇಕಬ್ಸನ್ 1988ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಹೇಳಿದ ಪರಿಹಾರ ಇದು: ಕಳೆದರೆ ಹಿಂಜರಿಯಬೇಕು, ತಲುಪಿದರೆ ಮೆಲ್ಲಗೆ ಮುಂದುವರಿಯಬೇಕು. ಆದರೆ ಸಡಿಲ ಜೋಡಣೆಯಿಂದ ಪ್ಯಾಕೆಟ್ ಕಳೆದರೂ ಟಿಸಿಪಿ ಹಾಗೆಯೇ ಹಿಂಜರಿಯುತ್ತದೆ. ಹೋಗಿಬರಲು 50 ಮಿಲಿಸೆಕೆಂಡು ಬೇಕಾದ ದಾರಿಯಲ್ಲಿ ಶೇಕಡಾ 1ರಷ್ಟು ಪ್ಯಾಕೆಟ್ ಹೋಗುತ್ತಿದ್ದರೆ, ಹಳೆಯ ಮಾದರಿಯ ಒಂದು ಟಿಸಿಪಿ ಸಂಪರ್ಕ ಸೆಕೆಂಡಿಗೆ ಸುಮಾರು 3 ಮೆಗಾಬಿಟ್ಟು ಮೀರಲಾರದು. ಲೈನು 100 ಮೆಗಾಬಿಟ್ಟಿನದಾದರೂ ಅಷ್ಟೇ. ಸ್ಪೀಡ್ ಟೆಸ್ಟ್ ಇದನ್ನು ಮರೆಸಬಲ್ಲದು. ಅದು ಏಕಕಾಲಕ್ಕೆ ಹಲವು ಸಂಪರ್ಕಗಳನ್ನು ತೆರೆದು ಕೆಲವೇ ಸೆಕೆಂಡು ಅಳೆಯುವುದರಿಂದ, ಆಗಾಗ ಮರುಕಳಿಸುವ ದೋಷ ಅದರ ಕಣ್ಣಿಗೆ ಬೀಳದೆ ಹೋಗಬಹುದು.

ದೋಷ ಹುಡುಕುವ ಕೆಲಸ ದಾರಿಯನ್ನು ಭಾಗ ಮಾಡುವುದರಿಂದ ಶುರುವಾಗುತ್ತದೆ. ಏಕೆ ಕಳೆಯಿತು ಎಂಬ ಪ್ರಶ್ನೆಗಿಂತ ಮೊದಲು ಕೇಳಬೇಕಾದದ್ದು ಎಲ್ಲಿ ಕಳೆಯಿತು ಎಂಬುದು. ಫೈಬರ್ ಬಂದಿರುವ ಮನೆಯಲ್ಲಿ ದಾರಿಗೆ ಮೂರು ಭಾಗ. ಫೋನು ಅಥವಾ ಲ್ಯಾಪ್‌ಟಾಪಿನಿಂದ ರೂಟರಿನವರೆಗೆ ಒಂದು. ರೂಟರಿನಿಂದ ಗೋಡೆಯ ಫೈಬರ್ ಪೆಟ್ಟಿಗೆ, ಬೀದಿಯ ಕಂಬ, ಸ್ಪ್ಲಿಟರ್ ದಾಟಿ ಸೇವೆ ಕೊಡುವವರ ಮೊದಲ ಯಂತ್ರದವರೆಗೆ ಇನ್ನೊಂದು. ಅಲ್ಲಿಂದಾಚೆ ದೂರದ ಸರ್ವರಿನವರೆಗೆ ಮತ್ತೊಂದು. ಮೊದಲ ಭಾಗ ಮನೆಯವರದು, ಎರಡನೆಯದು ಬಹುಪಾಲು ಲೈನ್‌ಮನ್ ಕೈಯಲ್ಲಿರುವುದು, ಮೂರನೆಯದು ಇಬ್ಬರಿಗೂ ಎಟುಕದ್ದು. ಯಾವ ಭಾಗವೆಂದು ತಿಳಿಯದೆ ರೂಟರ್ ಬದಲಾಯಿಸಿದರೆ ಹಣ ಹೋಗಿ ದೋಷ ಉಳಿಯಬಹುದು.

ಯಾವ ಭಾಗದಲ್ಲಿ ಎಷ್ಟು ಕಳೆಯುತ್ತಿದೆ ಎಂದು ಅಳೆಯುವ ಸಾಧನ ಪಿಂಗ್. ಅಮೆರಿಕದ ಸೇನೆಯ ಬ್ಯಾಲಿಸ್ಟಿಕ್ಸ್ ಪ್ರಯೋಗಾಲಯದಲ್ಲಿದ್ದ ಮೈಕ್ ಮೂಸ್ 1983ರ ಡಿಸೆಂಬರಿನಲ್ಲಿ ಇದನ್ನು ಬರೆದರು. ಜಲಾಂತರ್ಗಾಮಿ ಹೊರಡಿಸುವ ಶಬ್ದ ಎದುರಿನ ವಸ್ತುವಿಗೆ ತಾಗಿ ಹಿಂದಿರುಗುವಾಗ ಕೇಳುವ ಸದ್ದೇ ಇದರ ಹೆಸರು. ಪಿಂಗ್ ಒಂದು ಸಣ್ಣ ಪ್ಯಾಕೆಟ್ ಕಳಿಸಿ ಉತ್ತರಕ್ಕೆ ಕಾಯುತ್ತದೆ. ಉತ್ತರ ಬಂದರೆ ಎಷ್ಟು ಮಿಲಿಸೆಕೆಂಡಾಯಿತೆಂದು ಬರೆಯುತ್ತದೆ, ಬಾರದಿದ್ದರೆ ಕಳೆಯಿತೆಂದು ಎಣಿಸುತ್ತದೆ. ಅದು ವಿಂಡೋಸ್, ಮ್ಯಾಕ್, ಲಿನಕ್ಸ್ ಎಲ್ಲದರಲ್ಲೂ ಇದೆ. ವಿಂಡೋಸಿನಲ್ಲಿ ಅದು ನಾಲ್ಕೇ ಸಲ ಕೇಳಿ ನಿಲ್ಲುತ್ತದೆ. ನಿಲ್ಲದೆ ನಡೆಯಬೇಕಾದರೆ ಆದೇಶದ ಜೊತೆಗೆ ಒಂದು ಅಡ್ಡಗೆರೆಯನ್ನೂ ಇಂಗ್ಲಿಷಿನ ಟಿ ಅಕ್ಷರವನ್ನೂ ಸೇರಿಸಬೇಕು.

ಪಿಂಗನ್ನು ಮೂರು ಕಿಟಕಿಗಳಲ್ಲಿ ಒಟ್ಟಿಗೆ ಓಡಿಸುವುದು ಸರಿಯಾದ ಕ್ರಮ. ಮೊದಲ ಕಿಟಕಿ ಮನೆಯ ರೂಟರಿಗೆ. ಅದರ ವಿಳಾಸ ಬಹಳ ಕಡೆ 192.168.1.1 ಅಥವಾ 192.168.0.1 ಆಗಿರುತ್ತದೆ. ಎರಡನೆಯದು ಸೇವೆ ಕೊಡುವವರ ಮೊದಲ ಯಂತ್ರಕ್ಕೆ; ಅದರ ವಿಳಾಸ ಹುಡುಕುವ ಬಗೆ ಮುಂದೆ ಬರುತ್ತದೆ. ಮೂರನೆಯದು ಹೊರಗಿನ ಒಂದು ಗಟ್ಟಿ ವಿಳಾಸಕ್ಕೆ, ಉದಾಹರಣೆಗೆ ಗೂಗಲ್ಲಿನ 8.8.8.8ಕ್ಕೆ. ಮೂರೂ ಒಂದೇ ಹೊತ್ತಿನಲ್ಲಿ ನಡೆಯಬೇಕು. ಬೆಳಗ್ಗೆ ಒಂದು, ಸಂಜೆ ಒಂದು ಅಳೆದರೆ ಹೋಲಿಕೆಗೆ ಅರ್ಥವಿಲ್ಲ. ರೂಟರಿನ ಕಿಟಕಿಯಲ್ಲೇ ಪ್ಯಾಕೆಟ್ ಕಳೆಯುತ್ತಿದ್ದರೆ ದೋಷ ಮನೆಯೊಳಗಿದೆ. ಅದು ಶುದ್ಧವಾಗಿದ್ದು ಉಳಿದೆರಡರಲ್ಲಿ ಒಟ್ಟಿಗೆ ಕಳೆಯುತ್ತಿದ್ದರೆ ದೋಷ ಮನೆಗೂ ಸೇವೆ ಕೊಡುವವರ ಎಕ್ಸ್‌ಚೇಂಜಿಗೂ ನಡುವಿನದು. ಎರಡೂ ಶುದ್ಧವಾಗಿದ್ದು ಮೂರನೆಯದರಲ್ಲಿ ಮಾತ್ರ ಕಳೆಯುತ್ತಿದ್ದರೆ ಹೊರಗಿನ ಇನ್ನೊಂದು ವಿಳಾಸವನ್ನೂ ಪರೀಕ್ಷಿಸಬೇಕು; ಅದು ಚೆನ್ನಾಗಿದ್ದರೆ ಮನೆಯ ಸಂಪರ್ಕಕ್ಕೆ ದೋಷವಿಲ್ಲ.

ನೂರು ಪಿಂಗಿನಲ್ಲಿ ಒಂದು ಹೋಯಿತೆಂದರೆ ಅದು ಶೇಕಡಾ 1 ಎಂದು ತೋರುತ್ತದೆ, ಆದರೆ ಆ ಒಂದು ಆಕಸ್ಮಿಕವೂ ಆಗಿರಬಹುದು. ಮರುಕಳಿಸುವ ದೋಷಕ್ಕೆ ಗಂಟೆಗಟ್ಟಲೆ, ಸಾಧ್ಯವಾದರೆ ಪೂರ್ತಿ ಒಂದು ದಿನದ ಎಣಿಕೆ ಬೇಕು. ಎಣಿಕೆಯ ಜೊತೆ ಹೊತ್ತನ್ನೂ ಬರೆದಿಡಬೇಕು, ಏಕೆಂದರೆ ಸರಾಸರಿ ನಿಜವನ್ನು ಮುಚ್ಚಿಡುತ್ತದೆ. ಗಂಟೆಯಲ್ಲಿ ಒಮ್ಮೆ ಸಂಪರ್ಕ 30 ಸೆಕೆಂಡು ಪೂರ್ತಿ ಸತ್ತುಹೋಯಿತೆನ್ನೋಣ. ಸೆಕೆಂಡಿಗೊಂದರಂತೆ ಗಂಟೆಗೆ 3600 ಪಿಂಗ್, ಕಳೆದದ್ದು 30. ಅಂದರೆ ಶೇಕಡಾ 0.83. ಕಾಗದದ ಮೇಲೆ ಇದು ಒಳ್ಳೆಯ ಲೈನು. ಅದೇ ಗಳಿಗೆಯಲ್ಲಿ ಸಂದರ್ಶನಕ್ಕೆ ಕೂತವರ ಪಾಲಿಗೆ ಅಲ್ಲ.

ಹೊತ್ತಿನ ಪಟ್ಟಿ ಕೈಗೆ ಬಂದ ಮೇಲೆ ಕಾರಣ ತಾನಾಗಿ ಹತ್ತಿರ ಬರುತ್ತದೆ. ದಿನವೂ ರಾತ್ರಿ 8ರಿಂದ 11ರವರೆಗೆ ಮಾತ್ರ ಕಾಡುವುದು ಹಂಚಿಕೊಂಡ ದಾರಿಯ ದಟ್ಟಣೆ. ಮಳೆ ಬಂದಾಗಲೆಲ್ಲ ಕಾಡಿ, ಬಿಸಿಲಿಗೆ ಸರಿಹೋಗುವುದು ನೀರು ಸೇರಿದ ಜೋಡಣೆ. ಗಾಳಿಗೆ ಬಂದು ಹೋಗುವುದು ಮರಕ್ಕೋ ಕಂಬಕ್ಕೋ ತೂಗುಬಿದ್ದ ಕೇಬಲ್ಲು. ಕರೆಂಟು ಹೋದಾಗ ಮನೆಯ ಯುಪಿಎಸ್ ರೂಟರನ್ನು ಉಳಿಸಿಕೊಂಡರೂ ನೆಟ್ ಹೋಗುತ್ತಿದ್ದರೆ, ಬೀದಿಯಲ್ಲಿರುವ ಪೆಟ್ಟಿಗೆಗೆ ಬ್ಯಾಟರಿ ಇಲ್ಲ ಅಥವಾ ಸತ್ತಿದೆ. ಮಧ್ಯಾಹ್ನದ ಸೆಕೆಯಲ್ಲಿ ಹೆಚ್ಚುವುದು ರೂಟರಿನ ಬಿಸಿ. ಗಡಿಯಾರ ಇಟ್ಟಂತೆ ನಿಗದಿತ ಅಂತರದಲ್ಲಿ ಬರುವುದು ಯಾವುದೋ ಯಂತ್ರದ ನಿಗದಿತ ಕೆಲಸ: ಫೋಟೊಗಳ ಬ್ಯಾಕಪ್ಪೋ ಸಂಪರ್ಕದ ಮರುನೋಂದಣಿಯೋ ಆಗಿರಬಹುದು.

ದೋಷ ಮನೆಯೊಳಗಿನದೆಂದು ಕಂಡರೆ ಮೊದಲು ವೈ-ಫೈಯನ್ನು ಪಕ್ಕಕ್ಕಿಡಬೇಕು. ಲ್ಯಾಪ್‌ಟಾಪನ್ನು ಕೇಬಲ್ಲಿನಿಂದ ನೇರ ರೂಟರಿಗೆ ಸೇರಿಸಿ ಅದೇ ಪಿಂಗನ್ನು ಮತ್ತೆ ನಡೆಸುವುದು ಎಲ್ಲಕ್ಕಿಂತ ಫಲ ಕೊಡುವ ಪರೀಕ್ಷೆ. ಕೇಬಲ್ಲಿನಲ್ಲಿ ಶುದ್ಧವಾಗಿದ್ದು ವೈ-ಫೈಯಲ್ಲಿ ಕಳೆಯುತ್ತಿದ್ದರೆ ಹುಡುಕಾಟ ಗಾಳಿಗೆ ಸೀಮಿತವಾಯಿತು. ವೈ-ಫೈಗೆ ಒಂದು ಗುಣವಿದೆ: ಹಾದಿಯಲ್ಲಿ ಕೆಟ್ಟದ್ದನ್ನು ಅದು ತಾನೇ ಹಲವು ಸಲ ಮತ್ತೆ ಕಳಿಸಿ ನೋಡುತ್ತದೆ. ಹಾಗಾಗಿ ಮೊದಲು ಕಾಣುವುದು ಲಾಸ್ ಅಲ್ಲ, ಏರುಪೇರು. ರೂಟರಿಗೆ 2 ಮಿಲಿಸೆಕೆಂಡಿನಲ್ಲಿ ಬರಬೇಕಾದ ಉತ್ತರ ಒಮ್ಮೆ 2, ಒಮ್ಮೆ 90, ಒಮ್ಮೆ 200 ಆಗುತ್ತಿದ್ದರೆ ಲಾಸಿನ ಲೆಕ್ಕ ಸೊನ್ನೆಯಿದ್ದರೂ ಗಾಳಿ ಚೆನ್ನಾಗಿಲ್ಲವೆಂದೇ ಅರ್ಥ. ಎಷ್ಟು ಯತ್ನಿಸಿದರೂ ಆಗದಾಗ ಮಾತ್ರ ಪ್ಯಾಕೆಟ್ ನಿಜವಾಗಿ ಕಳೆಯುತ್ತದೆ.

ವೈ-ಫೈ ಬಳಸುವ 2.4 ಗಿಗಾಹರ್ಟ್ಸ್ ಪಟ್ಟಿ ಇಕ್ಕಟ್ಟಿನದು. ಒಂದರ ಮೇಲೊಂದು ಬೀಳದ ಚಾನೆಲ್ಲುಗಳು ಅಲ್ಲಿ ಮೂರೇ: 1, 6 ಮತ್ತು 11. ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನಲ್ಲಿ ಇಪ್ಪತ್ತು ಮನೆಗಳ ರೂಟರುಗಳು ಈ ಮೂರನ್ನೇ ಹಂಚಿಕೊಳ್ಳಬೇಕು. ಮೈಕ್ರೋವೇವ್ ಒಲೆ ಕೆಲಸ ಮಾಡುವುದು 2.45 ಗಿಗಾಹರ್ಟ್ಸಿನಲ್ಲಿ, ಬ್ಲೂಟೂತ್ ಕೂಡ ಇದೇ ಪಟ್ಟಿಯದು. 5 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಜಾಗ ಹೆಚ್ಚು, ಆದರೆ ಅದು ಗೋಡೆ ದಾಟುವಾಗ ಬೇಗ ಸೊರಗುತ್ತದೆ. ರೂಟರ್ ಇರುವ ಕೋಣೆಯಲ್ಲಿ ಮತ್ತು ಪಕ್ಕದ ಕೋಣೆಯಲ್ಲಿ 5 ಗಿಗಾಹರ್ಟ್ಸ್ ಬಳಸಿ, ದೂರಕ್ಕೆ ಮಾತ್ರ 2.4 ಇಟ್ಟುಕೊಳ್ಳುವುದು ಒಳ್ಳೆಯದು. ಟಿವಿಯ ಹಿಂದೆ, ಕಬ್ಬಿಣದ ಬೀರುವಿನ ಮೇಲೆ, ದಪ್ಪ ಕಲ್ಲುಗೋಡೆಯ ಮೂಲೆಯಲ್ಲಿ ಇಟ್ಟ ರೂಟರನ್ನು ಮನೆಯ ನಡುವೆ ಎತ್ತರದಲ್ಲಿ ಇಟ್ಟರೆ ಎಷ್ಟೋ ಸಲ ಬೇರೆ ದುರಸ್ತಿಯೇ ಬೇಕಾಗುವುದಿಲ್ಲ.

ಕೇಬಲ್ಲಿನಲ್ಲೂ ಲಾಸ್ ಕಂಡರೆ ಶಂಕೆ ಕೇಬಲ್ಲಿನ ಮೇಲೆ, ರೂಟರಿನ ಮೇಲೆ. ನೆಟ್‌ವರ್ಕ್ ಕೇಬಲ್ಲಿನಲ್ಲಿ 8 ತಂತಿಗಳು ನಾಲ್ಕು ಜೋಡಿಗಳಾಗಿ ಹೆಣೆದಿರುತ್ತವೆ. ಗಿಗಾಬಿಟ್ ವೇಗಕ್ಕೆ ನಾಲ್ಕೂ ಜೋಡಿ ಬೇಕು, 100 ಮೆಗಾಬಿಟ್ಟಿಗೆ ಎರಡು ಸಾಕು. ಹಿಂದೆ ಗಿಗಾಬಿಟ್ಟಿನಲ್ಲಿ ಕೂಡಿಕೊಳ್ಳುತ್ತಿದ್ದ ಕೇಬಲ್ಲು ಈಗ 100ಕ್ಕೆ ಇಳಿದಿದ್ದರೆ ಒಂದು ತಂತಿ ಇಲಿ ಕಡಿದೋ ಬಾಗಿಲಿಗೆ ಸಿಕ್ಕಿಯೋ ಹೋಗಿದೆ. ತುದಿಯ ಪ್ಲಾಸ್ಟಿಕ್ ಕ್ಲಿಪ್ ಮುರಿದಿದ್ದರೂ ಸಂಪರ್ಕ ಅಲುಗಾಡುತ್ತದೆ. ರೂಟರಿನ ಮಟ್ಟಿಗೆ ನೋಡಬೇಕಾದದ್ದು ಅದು ಎಷ್ಟು ಹೊತ್ತಿನಿಂದ ನಿಲ್ಲದೆ ನಡೆಯುತ್ತಿದೆ ಎಂಬ ಲೆಕ್ಕ. ಅದರ ಪುಟದಲ್ಲಿ ಇದನ್ನು ಅಪ್‌ಟೈಮ್ ಎಂದು ತೋರಿಸಲಾಗುತ್ತದೆ. ಯಾರೂ ಆರಿಸದಿದ್ದರೂ ಅದು ಕೆಲವೇ ಗಂಟೆಗಳನ್ನು ತೋರಿಸಿದರೆ ರೂಟರ್ ತಾನಾಗಿ ಮತ್ತೆ ಮತ್ತೆ ಶುರುವಾಗುತ್ತಿದೆ. ಅದಕ್ಕೆ ಹಳೆಯ ಅಡಾಪ್ಟರ್ ಸಾಮಾನ್ಯ ಕಾರಣ, ಮತ್ತು ಅದು ರೂಟರಿಗಿಂತ ಬಹಳ ಅಗ್ಗ.

ಎರಡನೆಯ ಭಾಗದಲ್ಲಿ ಕಾಣುವ ಲಾಸಿಗೆ ಬೀದಿಯನ್ನು ದೂರುವ ಮೊದಲು ಮನೆಯ ಬಳಕೆಯನ್ನೇ ನೋಡಬೇಕು. ಒಬ್ಬರ ಫೋನು ನೂರಾರು ಫೋಟೊಗಳನ್ನು ಮೇಲಕ್ಕೆ ಕಳಿಸುತ್ತಿದ್ದರೆ ರೂಟರಿನ ಸರದಿ ತುಂಬುತ್ತದೆ. ಮೊದಲು ವಿಳಂಬ 10 ಮಿಲಿಸೆಕೆಂಡಿನಿಂದ ನೂರಾರಕ್ಕೆ ಏರುತ್ತದೆ, ಆಮೇಲೆ ಪ್ಯಾಕೆಟ್ಟುಗಳು ಬೀಳತೊಡಗುತ್ತವೆ. ಅತಿ ಉದ್ದದ ಸರದಿಯಿಂದ ಆಗುವ ಈ ತೊಂದರೆಯನ್ನು ಬಫರ್‌ಬ್ಲೋಟ್ ಎನ್ನುತ್ತಾರೆ. 2010ರ ಸುಮಾರಿಗೆ ಜಿಮ್ ಗೆಟಿಸ್ ಇದರತ್ತ ಎಲ್ಲರ ಗಮನ ಸೆಳೆದರು. ಪರೀಕ್ಷೆ ಸುಲಭ: ಪಿಂಗ್ ಓಡುತ್ತಿರುವಾಗ ದೊಡ್ಡ ಕಡತವೊಂದನ್ನು ಕಳಿಸಿ, ನಿಲ್ಲಿಸಿ, ಎರಡನ್ನೂ ಹೋಲಿಸುವುದು. ಕೆಲವು ರೂಟರುಗಳಲ್ಲಿ ಸರದಿಯನ್ನು ಜಾಣತನದಿಂದ ನಿರ್ವಹಿಸುವ ಎಸ್‌ಕ್ಯೂಎಂ ಎಂಬ ಸೌಕರ್ಯವಿದೆ. ಲೈನಿನ ವೇಗದ ಶೇಕಡಾ 90ರ ಆಸುಪಾಸಿಗೆ ಮಿತಿ ಹಾಕಿ ಅದನ್ನು ನಡೆಸಿದರೆ ಸರದಿ ಚಿಕ್ಕದಾಗಿಯೇ ಉಳಿಯುತ್ತದೆ; ವೇಗದಲ್ಲಿ ಸ್ವಲ್ಪ ಹೋದರೂ ಮಾತು ತುಂಡಾಗುವುದು ನಿಲ್ಲುತ್ತದೆ.

ಮನೆಯ ಎಲ್ಲ ಬಳಕೆ ನಿಲ್ಲಿಸಿದರೂ ಲಾಸ್ ಉಳಿದರೆ ನೋಡಬೇಕಾದದ್ದು ಫೈಬರು. ಮನೆಗಳಿಗೆ ಬರುವ ಫೈಬರಿನಲ್ಲಿ ಜಿಪಾನ್ ಎಂಬ ವ್ಯವಸ್ಥೆ ವ್ಯಾಪಕ. ಎಕ್ಸ್‌ಚೇಂಜಿನಿಂದ ಹೊರಟ ಒಂದೇ ಎಳೆಯ ಬೆಳಕನ್ನು ಬೀದಿಯ ಸ್ಪ್ಲಿಟರ್ 32 ಅಥವಾ 64 ಮನೆಗಳಿಗೆ ಒಡೆಯುತ್ತದೆ. ಸೆಕೆಂಡಿಗೆ ಸುಮಾರು 2.5 ಗಿಗಾಬಿಟ್ಟಿನ ಇಳಿಹಾದಿಯನ್ನು ಅವರೆಲ್ಲ ಹಂಚಿಕೊಳ್ಳುತ್ತಾರೆ. ಮನೆಯ ಪೆಟ್ಟಿಗೆ ತಲುಪಿದ ಬೆಳಕಿನ ಬಲವನ್ನು ಅದರ ಪುಟದಲ್ಲಿ ಡಿಬಿಎಂ ಅಳತೆಯಲ್ಲಿ ನೋಡಬಹುದು. ಈ ಅಳತೆಯಲ್ಲಿ ಸೊನ್ನೆ ಎಂದರೆ 1 ಮಿಲಿವ್ಯಾಟ್. ಪ್ರತಿ 10 ಇಳಿದಾಗ ಬೆಳಕು ಹತ್ತನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಸಾಮಾನ್ಯ ಪೆಟ್ಟಿಗೆ ಮೈನಸ್ 27ರವರೆಗೆ, ಅಂದರೆ ಮಿಲಿವ್ಯಾಟಿನ ಐನೂರನೆಯ ಒಂದು ಭಾಗದವರೆಗೆ, ಓದಬಲ್ಲದು. ಮೈನಸ್ 20ರ ಆಸುಪಾಸು ನೆಮ್ಮದಿಯದು. ಮೈನಸ್ 26ರಲ್ಲಿ ನಿಂತ ಲೈನು ಅಂಚಿನಲ್ಲಿದೆ. ಒಂದು ತಿರುವು, ಒಂದು ಹನಿ ನೀರು, ಒಂದು ಧೂಳಿನ ಕಣ ಅದನ್ನು ಕೆಳಗೆ ತಳ್ಳುತ್ತದೆ. ಆಗ ಪೆಟ್ಟಿಗೆಯ ಕೆಂಪು ದೀಪ ಮಿನುಗಿ ಆರುತ್ತದೆ.

ಬೆಳಕು ಸೋರುವ ಜಾಗಗಳು ಗೊತ್ತಿರುವವೇ. ಗೋಡೆಯ ಮೂಲೆಯಲ್ಲಿ ಚೂಪಾಗಿ ಮಡಿಸಿ ಮೊಳೆ ಹೊಡೆದ ಎಳೆ, ಧೂಳು ಕೂತ ಕನೆಕ್ಟರ್, ಬೆಸುಗೆ ಹಾಕದೆ ಅವಸರದಲ್ಲಿ ಕೂಡಿಸಿದ ಜೋಡಣೆ. ಹಸಿರು ತುದಿಯ ಕನೆಕ್ಟರಿನ ಮುಖ 8 ಡಿಗ್ರಿ ಓರೆ, ನೀಲಿ ತುದಿಯದು ನೇರ. ಒಂದನ್ನೊಂದಕ್ಕೆ ಸೇರಿಸಿದರೆ ನಡುವೆ ಸಂದು ಉಳಿದು ಬೆಳಕು ಹಿಂದಕ್ಕೆ ಚಿಮ್ಮುತ್ತದೆ. ಮಲೆನಾಡಿನಲ್ಲಿ ಅಡಿಕೆ ಮರದಿಂದ ಮರಕ್ಕೆ ಕಟ್ಟಿದ ಕೇಬಲ್ಲು ಮಳೆಗಾಲದ ಗಾಳಿಗೆ ಜಗ್ಗುತ್ತದೆ, ಕೊಂಬೆ ಬೀಳುತ್ತದೆ, ಮಂಗಗಳು ನೇತಾಡುತ್ತವೆ. ಫೈಬರಿನ ತುದಿಯನ್ನು ಬಿಚ್ಚಿ ಕಣ್ಣಿಟ್ಟು ನೋಡುವುದು ಅಪಾಯ. ಅದರೊಳಗಿನ ಲೇಸರ್ ಕಣ್ಣಿಗೆ ಕಾಣದ ಅವಗೆಂಪು ಬೆಳಕು. ಒರೆಸುವುದನ್ನೂ ಕೂಡಿಸುವುದನ್ನೂ ಲೈನ್‌ಮನ್‌ಗೆ ಬಿಡುವುದೇ ಸರಿ. ಇನ್ನೂ ತಾಮ್ರದ ಟೆಲಿಫೋನ್ ತಂತಿಯ ಮೇಲೆ ನಡೆಯುವ ಸಂಪರ್ಕದಲ್ಲಿ ಮಳೆಯ ಕಾಟ ಹೆಚ್ಚು, ಏಕೆಂದರೆ ನೀರು ಸೇರಿದ ತಾಮ್ರದ ಜೋಡಣೆ ಕಿಲುಬು ಹಿಡಿಯುತ್ತದೆ.

ಮೂರನೆಯ ಭಾಗದ ದಾರಿಯನ್ನು ತೋರಿಸುವುದು ಟ್ರೇಸ್‌ರೂಟ್. ಅದನ್ನು ಬರೆದವರೂ ವ್ಯಾನ್ ಜೇಕಬ್ಸನ್. ಪ್ರತಿ ಪ್ಯಾಕೆಟ್ಟಿಗೂ ಒಂದು ಆಯುಸ್ಸಿನ ಅಂಕಿ ಇರುತ್ತದೆ; ಪ್ರತಿ ಯಂತ್ರವೂ ಅದನ್ನು ಒಂದರಷ್ಟು ಕಳೆಯುತ್ತದೆ; ಸೊನ್ನೆಯಾದಾಗ ಆ ಯಂತ್ರ ಪ್ಯಾಕೆಟ್ಟನ್ನು ಬಿಟ್ಟು ಸುದ್ದಿ ಕಳಿಸುತ್ತದೆ. ಆಯುಸ್ಸು 1, 2, 3 ಎಂದು ಏರಿಸುತ್ತ ಹೋದರೆ ದಾರಿಯ ಒಂದೊಂದು ಯಂತ್ರವೂ ತನ್ನ ವಿಳಾಸ ಹೇಳುತ್ತದೆ. ಸೇವೆ ಕೊಡುವವರ ಮೊದಲ ಯಂತ್ರದ ವಿಳಾಸ ಬಹುತೇಕ ಇದರ ಎರಡನೆಯ ಸಾಲಿನಲ್ಲಿ ಸಿಗುತ್ತದೆ. ಅದು ಪಿಂಗಿಗೆ ಉತ್ತರ ಕೊಡದಿದ್ದರೆ ಮುಂದಿನ ಸಾಲಿನದನ್ನು ಹಿಡಿಯಬಹುದು. ವಿಂಡೋಸಿನ ಪಾತ್‌ಪಿಂಗ್, ಲಿನಕ್ಸಿನ ಎಂಟಿಆರ್ ಇದನ್ನೇ ಮತ್ತೆ ಮತ್ತೆ ಮಾಡಿ ಸಾಲುಸಾಲಿನ ಲಾಸನ್ನು ಎಣಿಸುತ್ತವೆ.

ಇಲ್ಲಿ ತಪ್ಪು ಓದುವವರೇ ಹೆಚ್ಚು. ನಡುವಿನ ಒಂದು ಸಾಲಿನಲ್ಲಿ ಶೇಕಡಾ 60 ಲಾಸ್ ಇದ್ದು, ಅದರ ಮುಂದಿನ ಸಾಲುಗಳಲ್ಲೂ ಕೊನೆಯ ಸಾಲಿನಲ್ಲೂ ಸೊನ್ನೆ ಇದ್ದರೆ ಅಲ್ಲಿ ದೋಷವಿಲ್ಲ. ಆ ಯಂತ್ರ ಪ್ಯಾಕೆಟ್ಟುಗಳನ್ನು ಸರಿಯಾಗಿ ದಾಟಿಸುತ್ತಿದೆ, ತನ್ನನ್ನು ಕೇಳಿದ ಪ್ರಶ್ನೆಗಳಿಗೆ ಮಾತ್ರ ಎಲ್ಲಕ್ಕೂ ಉತ್ತರಿಸುತ್ತಿಲ್ಲ. ನಿಜವಾದ ಲಾಸ್ ಒಂದು ಸಾಲಿನಲ್ಲಿ ಶುರುವಾಗಿ ಕೊನೆಯ ಸಾಲಿನವರೆಗೂ ಉಳಿಯುತ್ತದೆ.

ಲಾಸಿನಂತೆಯೇ ಕಾಣುವ ಇನ್ನೊಂದು ತೊಂದರೆ ಗಾತ್ರದ್ದು. ಪಿಂಗ್ ಪೂರ್ತಿ ಶುದ್ಧ, ಆದರೆ ಕೆಲವು ತಾಣಗಳು ತೆರೆಯುವುದೇ ಇಲ್ಲ. ಬಳಕೆದಾರರ ಹೆಸರು, ಗುಪ್ತಪದ ಕೇಳುವ ಪಿಪಿಪಿಒಇ ಸಂಪರ್ಕದಲ್ಲಿ ಪ್ರತಿ ಪ್ಯಾಕೆಟ್ಟಿನ 8 ಬೈಟು ಆ ವ್ಯವಸ್ಥೆಗೇ ಹೋಗಿ, ಉಳಿಯುವುದು 1492. ರೂಟರಿನಲ್ಲಿ 1500 ಎಂದೇ ಉಳಿದಿದ್ದರೆ ಚಿಕ್ಕ ಪ್ಯಾಕೆಟ್ಟುಗಳು ಹಾದುಹೋಗಿ ದೊಡ್ಡವು ಸಿಕ್ಕಿಬೀಳಬಹುದು. ಎಂಟಿಯು ಎಂಬ ಆಯ್ಕೆಯಲ್ಲಿ 1492 ಎಂದು ಬರೆದರೆ ಸರಿಹೋಗುತ್ತದೆ.

ದೂರು ಕೊಡುವಾಗ ‘ನೆಟ್ ಸ್ಲೋ’ ಎಂದರೆ ಸಿಗುವ ಉತ್ತರ ರೂಟರ್ ಆರಿಸಿ ಹಚ್ಚಿ ಎಂಬುದು. ಕೇಬಲ್ಲಿನಿಂದ ಅಳೆದದ್ದು, ಮನೆಯ ರೂಟರಿಗೆ ಲಾಸ್ ಸೊನ್ನೆ, ಮೊದಲ ಯಂತ್ರಕ್ಕೆ ಇಷ್ಟು, ಇಂಥ ದಿನ ಇಂಥ ಹೊತ್ತಿನಲ್ಲಿ, ಬೆಳಕು ಇಷ್ಟು ಡಿಬಿಎಂ ಎಂಬ ಐದು ಸಂಗತಿಗಳಿದ್ದರೆ ದೂರು ನೇರ ಲೈನ್‌ಮನ್ ಕೈಗೆ ಹೋಗುತ್ತದೆ. ದೂರಿಗೆ ಡಾಕೆಟ್ ಸಂಖ್ಯೆ ಪಡೆದಿಟ್ಟುಕೊಳ್ಳಬೇಕು. ಪರಿಹಾರ ಸಿಗದಿದ್ದರೆ ಅದೇ ಸಂಸ್ಥೆಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಲು ಅದು ಬೇಕು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಬ್ರಾಡ್‌ಬ್ಯಾಂಡ್ ಗುಣಮಟ್ಟಕ್ಕೆ 2006ರಲ್ಲಿ ಮಾಡಿದ ನಿಯಮಗಳಲ್ಲಿ ಲಾಸ್ ಶೇಕಡಾ 1ರ ಒಳಗಿರಬೇಕೆಂದು ಹೇಳಿತು.

ದುರಸ್ತಿಯಾದ ಮೇಲೆ ಅದೇ ಮೂರು ಕಿಟಕಿಗಳಲ್ಲಿ, ಅದೇ ಹೊತ್ತಿನಲ್ಲಿ, ಅಷ್ಟೇ ಕಾಲ ಮತ್ತೆ ಅಳೆಯಬೇಕು. ರಾತ್ರಿಯ ದಟ್ಟಣೆಯ ದೋಷವನ್ನು ಬೆಳಗಿನ ಅಳತೆ ಹೇಳಲಾರದು. ಮಳೆಯಲ್ಲಿ ಕೆಡುತ್ತಿದ್ದ ಲೈನು ಬಿಸಿಲಿನಲ್ಲಿ ನೆಟ್ಟಗಿದ್ದರೆ ಅದು ಹಿಂದೆಯೂ ಹಾಗೆಯೇ ಇತ್ತು. ಜೋಡಣೆ ಗಟ್ಟಿಯಾಯಿತೋ ಇಲ್ಲವೋ ಎಂಬುದು ಮುಂದಿನ ಮಳೆಯಲ್ಲೇ ತಿಳಿಯಬೇಕು.